ಕಲಿತು ಮುಗಿಸಿದ ಕೃತಿಯೇ ವೇದಿಕೆಗೆ: ನಮ್ಮ ಪಿಯಾನೋ ರಿಸೈಟಲ್ ಸುಸೂತ್ರವಾಗಿ ನಡೆದ ಬಗೆ

ಈ ಸಲದ ರಿಸೈಟಲ್‌ನಲ್ಲಿ, ಎಂದರೆ ಸಭೆಯ ಮುಂದಿನ ವಾದನ ಕಾರ್ಯಕ್ರಮದಲ್ಲಿ, ನನ್ನ ವಿದ್ಯಾರ್ಥಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ನುಡಿಸಿದರು. ಅವರಲ್ಲಿ ಒಬ್ಬರೂ ಕೃತಿಯನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಲಿಲ್ಲ. ನಾನು ಹಿಡಿದ ಕ್ರಮ ಫಲ ಕೊಡುವುದಿಲ್ಲ, ಪೋಷಕರಂತೂ ಒಪ್ಪುವುದೇ ಇಲ್ಲ ಎಂದು ಪರಿಚಯದ ಶಿಕ್ಷಕರು ಹೇಳುತ್ತಲೇ ಬಂದಿದ್ದರಿಂದ ಇದನ್ನು ಬರೆದಿಡಬೇಕೆನಿಸಿತು. ಕ್ರಮ ಇಷ್ಟೇ: ಸದ್ಯ ಕಲಿಯುತ್ತಿರುವ ಕೃತಿಯನ್ನು ಯಾರೂ ವೇದಿಕೆಗೆ ತರುವಂತಿಲ್ಲ. ಮೂರು ನಾಲ್ಕು ತಿಂಗಳ ಹಿಂದೆ ಕಲಿತು ಮುಗಿಸಿ, ಕೆಲವು ವಾರ ಮುಟ್ಟದೆ ಬಿಟ್ಟು, ಮತ್ತೆ ಕೈಗೆತ್ತಿಕೊಂಡ ಕೃತಿಯನ್ನೇ ನುಡಿಸಬೇಕು.

ಹಿಂದಿನ ವರ್ಷಗಳಲ್ಲಿ ಎಲ್ಲರಂತೆ ನಮ್ಮಲ್ಲೂ ಅತ್ಯಂತ ಕಠಿಣವಾದ, ಅತ್ಯಂತ ಹೊಸದಾದ ಕೃತಿಯೇ ರಿಸೈಟಲ್‌ಗೆ ಮೀಸಲಾಗಿರುತ್ತಿತ್ತು. ಮನೆಯಲ್ಲಿ ಚೆನ್ನಾಗಿ ನುಡಿಸುವ ಮಕ್ಕಳು ಕೂಡ ವೇದಿಕೆಯಲ್ಲಿ ಒಂದೇ ಬಗೆಯ ಜಾಗಗಳಲ್ಲಿ ಸಿಕ್ಕಿಬೀಳುತ್ತಿದ್ದರು. ಸಂಯೋಜಕ ಪೆಟ್ಸೋಲ್ಡ್‌ನ ಜಿ ಮೇಜರ್ ಮಿನುಯೆಟ್ ಎಂಬ ನೃತ್ಯಲಯದ ಕಿರುಕೃತಿಯನ್ನೇ ನೋಡಿ (ಕಾರ್ಯಕ್ರಮ ಪಟ್ಟಿಯಲ್ಲಿ ಅದನ್ನು ಇನ್ನೂ ಬಾಖ್ ಹೆಸರಿನಲ್ಲಿ ಅಚ್ಚು ಹಾಕಿಸುವವರು ದಯವಿಟ್ಟು ತಿದ್ದಿಕೊಳ್ಳಬೇಕು). ಅದರ ಮೊದಲ 8 ಬಾರ್‌ಗಳೂ (ಸ್ವರಲಿಪಿಯಲ್ಲಿ ಗೆರೆಗಳ ನಡುವಿನ ತಾಳದ ಭಾಗಗಳು) ಮುಂದಿನ 8 ಬಾರ್‌ಗಳೂ ಒಂದೇ ರೀತಿ ಆರಂಭವಾಗಿ ಬೇರೆ ಬೇರೆ ರೀತಿಯಲ್ಲಿ ಮುಗಿಯುತ್ತವೆ. ಗಾಬರಿಯಾದ ಮಗು ಎರಡನೆಯ ಸಲವೂ ಮೊದಲನೆಯ ಮುಕ್ತಾಯವನ್ನೇ ನುಡಿಸಿ, ಅಲ್ಲಿಂದ ಹೊರಬರುವ ದಾರಿ ಕಾಣದೆ ಮತ್ತೆ ಆರಂಭಕ್ಕೇ ಮರಳುತ್ತದೆ. ಕ್ಲೆಮೆಂಟಿಯ ಓಪಸ್ 36ರ (ಓಪಸ್ ಎಂದರೆ ಕೃತಿಸಂಖ್ಯೆ) ಮೊದಲ ಸೊನಾಟಿನಾ ಎಂಬ ಕಿರುಕೃತಿಯಲ್ಲಿ ಆರಂಭದ ರಾಗ ಮರಳುವಾಗ ಒಂದು ಸಪ್ತಕ ಕೆಳಗೆ ಬರುತ್ತದೆ. ಕೈ ಮಾತ್ರ ಅಭ್ಯಾಸಬಲದಿಂದ ಮೇಲಿನ ಸಪ್ತಕಕ್ಕೇ ಹೋಗುತ್ತದೆ. ಇಂಥ ತಿರುವುಗಳು ಬೆರಳಿಗೆ ಮಾತ್ರ ಗೊತ್ತಿದ್ದರೆ ಸಾಲದು, ಮನಸ್ಸಿಗೂ ಗೊತ್ತಿರಬೇಕು. ಅದಕ್ಕೆ ಬೇಕಾದ ಸಮಯ ಹಳೆಯ ಕೃತಿಯಲ್ಲಿ ಮಾತ್ರ ಸಿಗುತ್ತದೆ.

ಆದ್ದರಿಂದ ಪ್ರತಿ ಕೃತಿಯಲ್ಲೂ ನಾಲ್ಕೈದು ಜಾಗಗಳಿಗೆ ಪೆನ್ಸಿಲ್‌ನಲ್ಲಿ ಅಂಕಿ ಹಾಕಿಸಿ, ಪಾಠದ ನಡುವೆ ನಾನು ಯಾವ ಅಂಕಿಯನ್ನು ಕೂಗಿದರೂ ಅಲ್ಲಿಂದಲೇ ಆರಂಭಿಸುವಂತೆ ಅಭ್ಯಾಸ ಮಾಡಿಸಿದೆ. ಎಡಗೈ ಒಂದೇ ಆರಂಭಿಸುವುದು, ಕೊನೆಯ ಅಂಕಿಯಿಂದ ಹಿಂದಕ್ಕೆ ಬರುವುದು, ಎಲ್ಲವನ್ನೂ ಮಾಡಿಸಿದೆ. ಅಂಕಿಗಳನ್ನು ಎಲ್ಲಿ ಹಾಕಬೇಕೆಂಬುದರಲ್ಲೇ ಕೆಲಸದ ಅರ್ಧ ಗುಟ್ಟಿದೆ. ಅದನ್ನು ಮಾತ್ರ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಈ ಸಲ ಒಬ್ಬ ಹುಡುಗಿ ಮೂರನೆಯ ಅಂಕಿಯ ಬಳಿ ದಾರಿ ತಪ್ಪಿ, ಅರೆಕ್ಷಣವೂ ನಿಲ್ಲದೆ ನಾಲ್ಕನೆಯದಕ್ಕೆ ಹಾರಿದಳು. ಸಭೆಯಲ್ಲಿದ್ದ ಇಬ್ಬರು ಶಿಕ್ಷಕರಿಗೂ ಅದು ತಿಳಿಯಲಿಲ್ಲ ಎಂಬುದು ನನಗೆ ಹೆಮ್ಮೆಯ ವಿಷಯ.

ಸ್ವರಲಿಪಿಯ ಪುಸ್ತಕ ನೋಡಿ ನುಡಿಸಲು ಅನುಮತಿ ಕೊಟ್ಟಿದ್ದಕ್ಕೂ ಆಕ್ಷೇಪ ಬಂತು. ಕಂಠಪಾಠವಾಗಿ ನುಡಿಸುವ ಪದ್ಧತಿ ಬಲವಾಗಿ ಬೇರೂರಿದ್ದು 19ನೇ ಶತಮಾನದಲ್ಲಿ, ಕ್ಲಾರಾ ಶೂಮನ್ ಮತ್ತು ಲಿಸ್ಟ್‌ರಂಥ ಪಿಯಾನೋ ವಾದಕರಿಂದ. ರಿಕ್ಟರ್‌ರಂಥ ಮಹಾನ್ ಕಲಾವಿದರೇ ಕೊನೆಯ ವರ್ಷಗಳಲ್ಲಿ ಪುಸ್ತಕ ಮುಂದಿಟ್ಟುಕೊಂಡು ನುಡಿಸಿದ್ದಾರೆ. ಎಂಟು ವರ್ಷದ ಮಗುವಿಗೆ ಅದು ಅವಮಾನವಾಗುವುದು ಹೇಗೆ? ಅನುಮತಿ ಇದ್ದರೂ ಮುಕ್ಕಾಲು ಪಾಲು ಮಕ್ಕಳು ಪುಸ್ತಕವಿಲ್ಲದೆಯೇ ನುಡಿಸಿದರು.

ನುಡಿಸುವ ಸರದಿಯನ್ನು ನಾನು ಮಟ್ಟದ ಪ್ರಕಾರ ಹಾಕುವುದಿಲ್ಲ, ಬೆಂಚಿನ ಎತ್ತರದ ಪ್ರಕಾರ ಹಾಕುತ್ತೇನೆ. ಪ್ರತಿ ಮಗುವಿಗೂ ಪಕ್ಕದ ಹಿಡಿ ತಿರುಗಿಸಿ ಬೆಂಚನ್ನು ಏರಿಸಿ ಇಳಿಸುತ್ತಾ ಕುಳಿತರೆ ತಲಾ ಅರ್ಧ ನಿಮಿಷವಾದರೂ ಹೋಗುತ್ತದೆ, ಅಷ್ಟು ಹೊತ್ತು ಸಭೆಯ ಮುಂದೆ ಸುಮ್ಮನೆ ನಿಂತ ಮಗುವಿನ ಧೈರ್ಯವೂ ಕರಗುತ್ತದೆ. ಮಧ್ಯಮ ಎತ್ತರದವರಿಂದ ಆರಂಭಿಸಿ, ಬೆಂಚನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಅತಿ ಚಿಕ್ಕವರವರೆಗೆ ಹೋಗಿ, ಅಲ್ಲಿ ಒಮ್ಮೆ ಮಾತ್ರ ಕಾಲುಮಣೆ ಇಟ್ಟು ತೆಗೆದು, ಆಮೇಲೆ ಇಳಿಸುತ್ತಾ ದೊಡ್ಡವರಿಗೆ ಬರುತ್ತೇನೆ. ಯಾರಿಗೆ ಎಷ್ಟು ಸುತ್ತು ಎಂಬುದು ಸಹಾಯಕಿಯ ಕೈಯಲ್ಲಿರುವ ಚೀಟಿಯಲ್ಲಿರುತ್ತದೆ. ಮಟ್ಟಗಳು ತಾವಾಗಿಯೇ ಬೆರೆಯುವುದರಿಂದ ಯಾರು ಯಾರಿಗಿಂತ ಮುಂದೆ ಎಂಬ ಹೋಲಿಕೆಯೂ ತಪ್ಪುತ್ತದೆ. ತೀರ ಹೊಸಬರ ಪಕ್ಕದಲ್ಲಿ ನಾನೇ ಕುಳಿತು ಡಯಾಬೆಲ್ಲಿಯ ಓಪಸ್ 149ರ ಯುಗಳಗಳನ್ನು ನುಡಿಸಿದೆ. ಅವುಗಳಲ್ಲಿ ಮಗುವಿನ ಪಾಲು ಐದೇ ಸ್ವರಗಳಲ್ಲಿ ಮುಗಿಯುತ್ತದೆ, ಕೇಳುವವರಿಗೆ ಮಾತ್ರ ತುಂಬು ನಾದ.

ಇನ್ನು ಹಣದ ವಿಷಯ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಭಾಂಗಣದ ಬಾಡಿಗೆಗೇ ಹೋಯಿತು. ಪಿಯಾನೋದ ತಂತಿಗಳನ್ನು ಶ್ರುತಿ ಮಾಡುವ ಟ್ಯೂನರ್‌ಗೆ ಸುಮಾರು ಆರರಲ್ಲಿ ಒಂದು ಪಾಲು ಹೋಗಿರಬೇಕು. ಟ್ಯೂನಿಂಗ್‌ನಲ್ಲಿ ಉಳಿಸಲು ಹೊರಡುವವರಿಗೆ ಒಂದು ಮಾತು: ಹಿಂದೊಮ್ಮೆ ಹಿಂದಿನ ಸಂಜೆಯೇ, ಎಸಿ ಹಾಕದೆ, ಶ್ರುತಿಗೆ ಆಧಾರವಾದ ಎ ಸ್ವರವನ್ನು 440 ಹರ್ಟ್ಸ್‌ಗೆ (ಸೆಕೆಂಡಿಗೆ 440 ಕಂಪನಗಳಿಗೆ) ಕೂರಿಸಿ ಟ್ಯೂನ್ ಮಾಡಿಸಿದ್ದೆವು. ಮರುದಿನ ಎಸಿ ಓಡಿ, ದೀಪಗಳು ಉರಿದು, ಜನ ತುಂಬುತ್ತಿದ್ದಂತೆ ಮಧ್ಯದ ಸಪ್ತಕದ ತಂತಿಗಳ ನಾದ ಒಂದಕ್ಕೊಂದು ಹೊಂದದೆ ಅಲುಗತೊಡಗಿತು. ನಾದವನ್ನು ಹೊಮ್ಮಿಸುವ ಸೌಂಡ್‌ಬೋರ್ಡ್ ಮರದ್ದು, ಗಾಳಿಯ ತೇವ ಬದಲಾದರೆ ಅದೂ ಬದಲಾಗುತ್ತದೆ. ಈಗ ಕಾರ್ಯಕ್ರಮದ ದಿನ ಬೆಳಿಗ್ಗೆಯೇ, ಎಸಿಯನ್ನೂ ದೀಪಗಳನ್ನೂ ಎರಡು ಮೂರು ಗಂಟೆ ಮೊದಲೇ ಹಾಕಿಟ್ಟು ಟ್ಯೂನ್ ಮಾಡಿಸುತ್ತೇನೆ. ಆ ಹೆಚ್ಚುವರಿ ಗಂಟೆಗಳ ಬಾಡಿಗೆಯನ್ನು ಹೂವಿನ ಅಲಂಕಾರ ಮತ್ತು ಫಲಕಗಳನ್ನು ಕೈಬಿಟ್ಟು ಸರಿದೂಗಿಸಿದೆ. ಕೊನೆಯ ಹೊತ್ತಿನಲ್ಲಿ ಪೋಷಕರಿಂದ ಹಣ ಸಂಗ್ರಹಿಸುವುದನ್ನು ಬಿಟ್ಟು, ಖರ್ಚನ್ನು ವರ್ಷದ ಶುಲ್ಕದಲ್ಲೇ ಹಂಚಿ ಸೇರಿಸಿದ್ದರಿಂದ ಈ ಸಲ ಮೊದಲ ಬಾರಿಗೆ ಕೈಯಿಂದ ಹಾಕಬೇಕಾಗಲಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮಕ್ಕಳನ್ನು ಮೆಟ್ಟಿಲು ಹತ್ತಿಸಿ ಇಳಿಸಿ, ಎದೆ ಡವಡವ ಎನ್ನುತ್ತಿರುವಾಗಲೇ ಕೂರಿಸಿ ನುಡಿಸಲು ಹೇಳಿದಾಗ ಯಾವ ಜಾಗ ಗಟ್ಟಿಯಿಲ್ಲವೆಂದು ತಕ್ಷಣ ತಿಳಿಯಿತು. ಪರಿಚಯವಿಲ್ಲದ ಎರಡು ಮೂರು ಪಿಯಾನೋಗಳಲ್ಲಿ ಅಭ್ಯಾಸ ಮಾಡಿಸಿದ್ದು ಇನ್ನೂ ಹೆಚ್ಚು ಫಲ ಕೊಟ್ಟಿತು, ಏಕೆಂದರೆ ಮನೆಯಲ್ಲಿ ಡಿಜಿಟಲ್ ಪಿಯಾನೋ ಇರುವ ಮಕ್ಕಳಿಗೆ ಗ್ರ್ಯಾಂಡ್ ಪಿಯಾನೋದ ಪೆಡಲ್ ಎಷ್ಟು ಆಳಕ್ಕೆ ಹಿಡಿಯುತ್ತದೆಂಬುದೇ ಗೊತ್ತಿರುವುದಿಲ್ಲ. ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ಕೇಳಿಸುವ ಪ್ರಯೋಗ ಮಾತ್ರ ಚಿಕ್ಕವರಲ್ಲಿ ಭಯವನ್ನು ಹೆಚ್ಚಿಸಿತೆಂದು ಬಿಟ್ಟುಬಿಟ್ಟೆ.

ಸುಲಭದ ಕೃತಿ ಕೊಟ್ಟಿದ್ದೀರಿ ಎಂದು ಆರಂಭದಲ್ಲಿ ಬೇಸರಪಟ್ಟಿದ್ದ ಪೋಷಕರಲ್ಲಿ ಒಬ್ಬರು ಕಾರ್ಯಕ್ರಮ ಮುಗಿದ ಮೇಲೆ ಬಂದು, ಮಗಳು ಸ್ವರದ ಜೋರು ಮೆಲುಗಳನ್ನು ಇಷ್ಟು ಚೆನ್ನಾಗಿ ತೋರಿಸಿದ್ದನ್ನು ಮೊದಲ ಸಲ ಕೇಳಿದೆ ಎಂದರು. ಮುಂದಿನ ಸಲ ಒಂದೇ ದೀರ್ಘ ಕಾರ್ಯಕ್ರಮದ ಬದಲು ಐವತ್ತು ನಿಮಿಷಗಳ ಎರಡು ಸುತ್ತುಗಳನ್ನು ಒಂದೇ ಮಧ್ಯಾಹ್ನ ನಡೆಸುವ ಯೋಚನೆಯಿದೆ. ಸಭಾಂಗಣದ ಬಾಡಿಗೆ ಹೆಚ್ಚುವುದಿಲ್ಲ, ಟ್ಯೂನರ್‌ನನ್ನು ಮಾತ್ರ ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ ಇನ್ನೊಮ್ಮೆ ತಂತಿಗಳನ್ನು ಪರೀಕ್ಷಿಸುವವರೆಗೆ ಉಳಿಸಿಕೊಳ್ಳಬೇಕಾಗುತ್ತದೆ.