ಪ್ರಿಂಟರ್ ಪೇಪರ್ ನುಂಗುತ್ತಿದೆಯಾ? ಮೊದಲು ಮೇಜಿನ ಹಿಂದೆ ನೋಡಿ

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಸೀಸನ್ ಶುರುವಾದರೆ ಎರಡು ಸದ್ದು ಜೋರು. ಹೊರಗೆ ಹರಾಜಿನ ಕೂಗು, ಮಂಡಿಯ ಒಳಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕರ್ ಕರ್. ಇಷ್ಟು ಹಳೇ ಯಂತ್ರ ಇನ್ನೂ ಯಾಕೆ ಅಂತ ಕೇಳುವವರಿದ್ದಾರೆ. ರೈತನಿಗೊಂದು, ವ್ಯಾಪಾರಿಗೊಂದು, ಮಂಡಿಗೊಂದು ಪಟ್ಟಿ ಬೇಕಲ್ವಾ? ಹೆಡ್ಡಿನ ಸೂಜಿಗಳು ರಿಬ್ಬನ್ ಮೇಲೆ ಕುಟ್ಟುವುದರಿಂದ ಮೂರೂ ಪ್ರತಿ ಒಂದೇ ಏಟಿಗೆ ಬರುತ್ತವೆ. ಲೇಸರ್ ಪ್ರಿಂಟರಿಗೆ ಈ ಕೆಲಸ ಬರುವುದಿಲ್ಲ.

ಹೋದ ಸೀಸನ್‌ನಲ್ಲಿ ಒಂದು ಮಂಡಿಯಿಂದ ಫೋನ್ ಬಂತು. ಲೆಕ್ಕ ಬರೆಯುವ ಹುಡುಗ, "ಅಣ್ಣಾ, ಹತ್ತು ಪಟ್ಟಿಗೊಂದು ಸಲ ಪೇಪರ್ ಓರೆಯಾಗಿ ಹರೀತಿದೆ, ಹೊಸ ಪ್ರಿಂಟರೇ ತಗೋಬೇಕಾ?" ಅಂದ. ಹೋಗಿ ನೋಡಿದೆ. ಪ್ರಿಂಟರಿನ ಮುಚ್ಚಳ ತೆಗೆಯುವ ಅಗತ್ಯವೇ ಬೀಳಲಿಲ್ಲ. ಎರಡೂ ಅಂಚಿನಲ್ಲಿ ಸಾಲಾಗಿ ತೂತಿರುವ ಉದ್ದನೆ ಪೇಪರಿನ ಕಟ್ಟನ್ನು ಮೇಜಿನ ಕೆಳಗೆ ಖಾಲಿ ಟೊಮೆಟೊ ಕ್ರೇಟಿನಲ್ಲಿ ಇಟ್ಟಿದ್ದರು. ಮೇಲೆ ಬರುವ ಪೇಪರಿನ ಎಡ ಅಂಚು ಕ್ರೇಟಿನ ಬಾಯಿಗೆ ಉಜ್ಜಿ ಉಜ್ಜಿ, ತೂತುಗಳು ಒಂದೊಂದೇ ಕಿತ್ತು ಬಂದಿದ್ದವು. ಬಲಗಡೆ ಮಾತ್ರ ಸಲೀಸಾಗಿ ಹೋಗುತ್ತಿತ್ತು. ಇನ್ನು ಓರೆಯಾಗದೆ ಏನಾಗುತ್ತೆ?

ಅದಕ್ಕೇ ಮೊದಲ ಕೆಲಸ: ಮೇಜಿನ ಹಿಂದೆ ಬಗ್ಗಿ ನೋಡುವುದು. ಪೇಪರ್ ಡಬ್ಬ ಪ್ರಿಂಟರಿಗೆ ನೇರ ಕೆಳಗೆ, ಎರಡೂ ಅಂಚು ಪ್ರಿಂಟರಿನ ಅಂಚಿಗೆ ಸಮವಾಗಿ ಇರಬೇಕು. ಕೇಬಲ್ ಅಡ್ಡ ಬರಬಾರದು. ಇನ್ನೊಂದು ಗಮನಿಸಿ: ಪ್ರಿಂಟಾಗಿ ಹೊರಬಂದ ಪೇಪರ್ ಹಿಂದಕ್ಕೆ ಜಾರಿ, ಒಳಗೆ ಹೋಗುವ ಪೇಪರಿನ ಜೊತೆ ಮತ್ತೆ ನುಗ್ಗುವುದುಂಟು. ಮಧ್ಯೆ ಒಂದು ರಟ್ಟು ನಿಲ್ಲಿಸಿದರೆ ಸಾಕು.

ಅಲ್ಲೂ ಸರಿ ಇದೆಯಾ? ಹಾಗಾದರೆ ಪ್ರಿಂಟರ್ ಆಫ್ ಮಾಡಿ. ಈಗಷ್ಟೇ ಪ್ರಿಂಟ್ ಮಾಡಿದ್ದರೆ ಹೆಡ್ ಮುಟ್ಟಬೇಡಿ, ಕೈ ಸುಡುತ್ತದೆ. ಪೇಪರ್ ಸರಿಸುವ ಪಕ್ಕದ ತಿರುಗಣೆಯನ್ನೂ ಆಫ್ ಆದ ಮೇಲೇ ತಿರುಗಿಸಿ. ಆನ್ ಇದ್ದಾಗ ಮೋಟಾರು ಹಿಡಿದುಕೊಂಡಿರುತ್ತದೆ, ಬಲವಂತ ಮಾಡಿದರೆ ಗೇರ್ ಹಲ್ಲಿಗೆ ಪೆಟ್ಟು.

ಈಗ ಪೇಪರಿನ ಬಗೆ ಆರಿಸುವ ಲಿವರ್. ತೂತಿನ ಪೇಪರಿಗೊಂದು ಸ್ಥಾನ, ಬಿಡಿ ಹಾಳೆಗೊಂದು ಸ್ಥಾನ ಇರುತ್ತದೆ. ಯಾರೋ ಬಿಡಿ ಹಾಳೆಯಲ್ಲಿ ಪತ್ರ ಪ್ರಿಂಟ್ ಮಾಡಿ ಲಿವರ್ ಹಾಗೇ ಬಿಟ್ಟು ಹೋಗಿರುತ್ತಾರೆ. ಆಗ ರೋಲರ್ ಒಂದು ಕಡೆ ಒತ್ತಿ ಎಳೆಯುತ್ತದೆ, ತೂತು ಹಿಡಿದು ಪೇಪರ್ ಸರಿಸುವ ಟ್ರ್ಯಾಕ್ಟರ್ ಇನ್ನೊಂದು ಲೆಕ್ಕದಲ್ಲಿ ತಳ್ಳುತ್ತದೆ. ಪೇಪರ್ ಸುಕ್ಕಾಗುತ್ತದೆ. ನಾನು ನೋಡಿದ ಕೇಸುಗಳಲ್ಲಿ ಅರ್ಧ ಇದೇ.

ಈ ಟ್ರ್ಯಾಕ್ಟರ್ ಅಂದರೆ ಮುಳ್ಳುಗಳಿರುವ ಎರಡು ಪುಟ್ಟ ಪಟ್ಟೆಗಳು. ಪೇಪರ್ ಸಿಕ್ಕಿಕೊಂಡಿದ್ದರೆ ಪ್ರಿಂಟರಿನ ಹಿಂದೆಯೇ ಹರಿದು, ಒಳಗಿನ ತುಂಡನ್ನು ಮುಂದಿನಿಂದ ಮೆಲ್ಲಗೆ ತೆಗೆಯಿರಿ. ಲೇಬಲ್ ಹಾಳೆಯನ್ನಂತೂ ಎಂದೂ ಹಿಂದಕ್ಕೆ ಎಳೆಯಬೇಡಿ. ಒಂದು ಲೇಬಲ್ ಕಿತ್ತು ರೋಲರಿಗೆ ಅಂಟಿದರೆ ಆ ದಿನ ಮುಗಿಯಿತು. ಆಮೇಲೆ ಪೇಪರಿನ ಮೊದಲ ಅಂಚು ನೇರವಾಗಿ ಹರಿದಿದೆಯಾ ನೋಡಿ, ಎಡಗಡೆ ತೂತುಗಳನ್ನು ಮುಳ್ಳಿಗೆ ಕೂರಿಸಿ. ಬಲಗಡೆ ಅದೇ ಸಾಲಿನ ತೂತು ಹಿಡಿಯಬೇಕು. ಒಂದು ತೂತು ಹೆಚ್ಚುಕಮ್ಮಿಯಾದರೂ ಅರ್ಧ ಇಂಚು ಓರೆ. ಎಡ ಟ್ರ್ಯಾಕ್ಟರ್ ಲಾಕ್ ಮಾಡಿ, ಬಲದ್ದನ್ನು ಸರಿಸುತ್ತಾ ಪೇಪರ್ ಬಿಗಿ ಮಾಡಿ. ಎಷ್ಟು ಬಿಗಿ? ಮಧ್ಯದಲ್ಲಿ ಪೇಪರ್ ಉಬ್ಬಬಾರದು, ತೂತು ದುಂಡಗೇ ಇರಬೇಕು. ತೂತು ಮೊಟ್ಟೆಯಾಕಾರಕ್ಕೆ ಎಳೆದಿದ್ದರೆ ಬಿಗಿ ಜಾಸ್ತಿಯಾಯಿತು.

ಮೂರು ಪ್ರತಿಯ ಪೇಪರಿಗೆ ಹೆಡ್ ಪಕ್ಕದ ದಪ್ಪದ ಲಿವರನ್ನೂ ನೋಡಬೇಕು. ಒಂದೇ ಪದರಕ್ಕೆ 0, ಪದರ ಹೆಚ್ಚಿದಂತೆ ಮೇಲಿನ ಅಂಕಿ. 0 ದಲ್ಲೇ ಬಿಟ್ಟರೆ ಹೆಡ್ ಪೇಪರಿಗೆ ತಗುಲಿ ಕಪ್ಪು ಕಲೆಯಾಗುತ್ತದೆ, ರಿಬ್ಬನ್ ಸಿಕ್ಕಿಕೊಳ್ಳುತ್ತದೆ.

ಪೇಪರ್ ನೇರ ಹೋಗುತ್ತಿದೆ, ಆದರೆ ಅಕ್ಷರ ಪುಟದಿಂದ ಪುಟಕ್ಕೆ ಜಾರುತ್ತಿದೆ ಅಂದರೆ ಯಂತ್ರದ ತಪ್ಪಲ್ಲ. ಸಾಮಾನ್ಯವಾಗಿ ಇಂಚಿಗೆ 6 ಸಾಲು. ನಮ್ಮಲ್ಲಿ ಹೆಚ್ಚಾಗಿ ಸಿಗುವುದು 12 ಇಂಚಿನ ಪೇಪರ್, ಅಂದರೆ 72 ಸಾಲು. ಪ್ರಿಂಟರ್ ಸೆಟ್ಟಿಂಗ್ 11 ಇಂಚು ಇದ್ದರೆ 66 ಸಾಲಿಗೇ ಪುಟ ಮುಗಿಯಿತು ಅಂದುಕೊಳ್ಳುತ್ತದೆ. ಪ್ರತಿ ಪುಟಕ್ಕೂ ಒಂದು ಇಂಚು ಜಾರುತ್ತದೆ. ಪ್ರಿಂಟರಿನಲ್ಲೂ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲೂ ಪುಟದ ಉದ್ದ ಒಂದೇ ಇರಲಿ.

ಪೇಪರ್ ಇದ್ದರೂ ಪೇಪರ್ ಇಲ್ಲ ಅಂತ ದೀಪ ಉರಿಯುತ್ತಿದ್ದರೆ ಸೆನ್ಸರ್ ಮೇಲೆ ಕಾಗದದ ಪುಡಿ ಕೂತಿರಬಹುದು. ಮೆತ್ತನೆ ಬ್ರಷ್ ಆಡಿಸಿ. ಕಪ್ಪು ರಬ್ಬರ್ ರೋಲರನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಥಿನ್ನರ್, ಪೆಟ್ರೋಲ್ ಬೇಡ, ರಬ್ಬರ್ ಹಾಳಾಗುತ್ತದೆ.

ಕೊನೆಗೆ ಪರೀಕ್ಷೆ. ಎಪ್ಸನ್‌ನ ಹಲವು ಮಾಡೆಲ್‌ಗಳಲ್ಲಿ ಪೇಪರ್ ಮುಂದೆ ಸರಿಸುವ ಎಲ್ಎಫ್/ಎಫ್ಎಫ್ (LF/FF) ಬಟನ್ ಒತ್ತಿ ಹಿಡಿದು ಆನ್ ಮಾಡಿದರೆ ಪ್ರಿಂಟರ್ ತಾನೇ ಸಾಲು ಸಾಲು ಅಕ್ಷರ ಹೊಡೆಯುತ್ತದೆ. ನಾಲ್ಕೈದು ಪುಟ ಓಡಲು ಬಿಡಿ. ಅದು ನೇರವಾಗಿ ಬಂದು, ಪಟ್ಟಿ ಮಾತ್ರ ಕೆಟ್ಟರೆ ತಪ್ಪು ಕಂಪ್ಯೂಟರಿನದ್ದು. ಪರೀಕ್ಷೆಯಲ್ಲೂ ಟಕ್ ಟಕ್ ಸದ್ದು ಬಂದು ಪೇಪರ್ ನಿಂತರೆ ಗೇರ್ ಸವೆದಿದೆ ಅಂತ ಲೆಕ್ಕ. ಆಗ ಮೆಕ್ಯಾನಿಕ್ ಕರೆಯಿರಿ, ಆದರೆ ಹಿಂದಿನ ದಿನದ ಹರಿದ ಪೇಪರನ್ನು ಎಸೆಯಬೇಡಿ. ಯಾವ ಕಡೆಯ ತೂತು ಹರಿದಿದೆ ಅಂತ ಅವರು ಮೊದಲು ಅದನ್ನೇ ನೋಡಬೇಕು.