ಹೂಬಿಟ್ಟ ಮುತ್ತುಗದ ಮುಂದೆ ಕ್ಯಾಮೆರಾ ಹಿಡಿದು

ಶಿವರಾತ್ರಿಯಿಂದ ಯುಗಾದಿಯವರೆಗೆ ಬಯಲುಸೀಮೆಯಲ್ಲಿ ಹಕ್ಕಿಯ ಬೆನ್ನು ಹತ್ತಿ ಅಲೆಯಬೇಡಿ. ಹೂಬಿಟ್ಟ ಮರ ಹುಡುಕಿ, ಅದರ ಮುಂದೆ ಕೂತುಬಿಡಿ. ಮುತ್ತುಗ, ಬೂರುಗ ಎರಡೂ ಎಲೆ ಉದುರಿಸಿಕೊಂಡು ಹೂಬಿಡುತ್ತವೆ. ಮಕರಂದಕ್ಕೆ ಬರುವ ಸೂರಕ್ಕಿ, ಪಿಕಳಾರ, ಗೊರವಂಕ, ಕಾಜಾಣಗಳು ಎಲೆಮರೆಯಿಲ್ಲದೆ ಕಾಣಸಿಗುತ್ತವೆ. ಚಳಿಗಾಲ ಕಳೆಯಲು ಬಂದ ಗುಲಾಬಿ ಕಬ್ಬಕ್ಕಿಗಳೂ ಮಧ್ಯ ಏಷ್ಯಾದತ್ತ ಹೊರಡುವ ಮೊದಲು ಹಿಂಡುಗಟ್ಟಿ ಇಂಥ ಮರಗಳಿಗೆ ಇಳಿಯುತ್ತವೆ.

ಯಾವ ಮರ ಎಂಬುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಬುಡದಲ್ಲಿ ನಿಂತು ಮೇಲಕ್ಕೆ ತೆಗೆದರೆ ಹಕ್ಕಿಯ ಹೊಟ್ಟೆ, ಹಿಂದೆ ಬಿಳಿಚಿದ ಆಕಾಶ, ಅಷ್ಟೇ. ಕೆರೆ ಏರಿಯ ಕೆಳಗೆ ಬೆಳೆದ ಮರ ಸಿಕ್ಕರೆ ಬಿಡಬೇಡಿ: ಏರಿಯ ಮೇಲೆ ಕೂತಾಗ ನೆತ್ತಿಯ ಕೊಂಬೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿನ್ನೆಲೆಗೆ ಗದ್ದೆಯ ಹಸಿರು ಒದಗುತ್ತದೆ. ಹಿಂದಿನ ದಿನವೇ ಹೋಗಿ ಸೂರ್ಯ ಎಲ್ಲಿ ಹುಟ್ಟುತ್ತಾನೆ ನೋಡಿಕೊಳ್ಳಿ. ಬೆಳಗ್ಗೆ ಬಿಸಿಲು ನಿಮ್ಮ ಬೆನ್ನಿಗಿರಬೇಕು. ಗಂಡು ಸೂರಕ್ಕಿಯ ನೀಲಿ-ನೇರಳೆ ಹೊಳಪು ಗರಿಯ ಬಣ್ಣವಲ್ಲ, ಗರಿಯ ಸೂಕ್ಷ್ಮ ರಚನೆಯಿಂದ ಬೆಳಕು ಚಿಮ್ಮಿ ಬರುವಂಥದ್ದು. ಕೋನ ತಪ್ಪಿದರೆ ಹಕ್ಕಿ ಬರೀ ಕರಿಮುದ್ದೆ.

ಆರೂವರೆಗೆ ಜಾಗದಲ್ಲಿರಿ, ಒಂಬತ್ತಕ್ಕೆ ಏಳಿ. ಆಮೇಲೆ ನೆಲ ಕಾದು ಗಾಳಿ ನಡುಗತೊಡಗುತ್ತದೆ. ಫೋಕಸ್ ಸರಿಯಿದ್ದರೂ ದೂರದ ಚಿತ್ರಗಳೆಲ್ಲ ಮಸುಕಾಗುವುದು ಇದರಿಂದಲೇ. ಎಷ್ಟೋ ಜನ ಲೆನ್ಸ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಸೂರಕ್ಕಿ ಸುಮಾರು 10 ಸೆಂ.ಮೀ. ಉದ್ದ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾ, 400 ಮಿ.ಮೀ. ಲೆನ್ಸ್, 8 ಮೀಟರ್ ದೂರ ಎಂದರೆ ಅದು ಚೌಕಟ್ಟಿನ ಅಗಲದಲ್ಲಿ ಏಳನೇ ಒಂದು ಪಾಲು. ಅದಕ್ಕಿಂತ ದೂರವಾದರೆ ಕತ್ತರಿಸಿ ದೊಡ್ಡದು ಮಾಡಿದಾಗ ಗರಿಯ ವಿವರ ಉಳಿಯುವುದಿಲ್ಲ. ಕೂತ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡ್, ಕಬ್ಬಕ್ಕಿಗಳ ಜಗಳಕ್ಕೆ, ಹಾರಾಟಕ್ಕೆ 1/2500. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/5.6ರಿಂದ 8, ಐಎಸ್ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಆಟೊದಲ್ಲಿಟ್ಟು ಮೇಲ್ಮಿತಿ 3200. ಫೋಕಸ್ ನಿರಂತರವಾಗಿರಲಿ, ಆದರೆ ಒಂದೇ ಬಿಂದುವಿನದಾಗಿರಲಿ. ಇಡೀ ಚೌಕಟ್ಟಿಗೆ ಬಿಟ್ಟರೆ ಕ್ಯಾಮೆರಾ ಮುಂದಿರುವ ಹೂಗೊಂಚಲನ್ನೇ ಹಿಡಿಯುತ್ತದೆ.

ಎಕ್ಸ್‌ಪೋಷರ್‌ನಲ್ಲಿ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣದಲ್ಲಿ) ಎರಡು ತಪ್ಪು ಮತ್ತೆ ಮತ್ತೆ ಆಗುತ್ತವೆ. ಆಕಾಶ ಹಿಂದಿದ್ದರೆ ಹಕ್ಕಿ ಕಪ್ಪಾಗುತ್ತದೆ. ಆಗ ಕ್ಯಾಮೆರಾದ ಎಕ್ಸ್‌ಪೋಷರ್ ಹೊಂದಾಣಿಕೆಯನ್ನು +1ರಿಂದ +1.7ವರೆಗೆ ಏರಿಸಿ. ಹಿನ್ನೆಲೆ ಕಡುಹಸಿರಾಗಿ ಹೂವಿಗೆ ನೇರ ಬಿಸಿಲು ಬಿದ್ದಿದ್ದರೆ ಮುತ್ತುಗದ ಕೇಸರಿ ಸುಟ್ಟುಹೋಗುತ್ತದೆ, ದಳದ ಗೆರೆಗಳು ಅಳಿಸಿ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಅಲ್ಲಿ -0.3ರಿಂದ -0.7. ಹಿಸ್ಟೋಗ್ರಾಮ್‌ನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ಕ್ಯಾಮೆರಾದ ನಕ್ಷೆ) ಕೆಂಪು ಚಾನಲ್ ಒಂದನ್ನೇ ನೋಡಿ, ಮೊದಲು ಕೈಕೊಡುವುದು ಅದೇ. ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಕಡತವನ್ನೇ ಉಳಿಸಿ.

ಮಣ್ಣುಬಣ್ಣದ ಬಟ್ಟೆ ತೊಟ್ಟು, ನೆಲಕ್ಕೆ ಕೂತು, ಮೊದಲ ಇಪ್ಪತ್ತು ನಿಮಿಷ ಬರೀ ದುರ್ಬೀನಿನಲ್ಲಿ ನೋಡಿ, 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನದು) ಸಾಕು. ಸೂರಕ್ಕಿ ಒಂದೇ ಸುತ್ತಿನಲ್ಲಿ ಗೊಂಚಲಿನಿಂದ ಗೊಂಚಲಿಗೆ ಹೋಗುತ್ತದೆಯೇ? ಕಾಜಾಣ ಯಾವ ಕೊಂಬೆಯಿಂದ ಹಾರಿ ಹುಳ ಹಿಡಿದು ಯಾವ ಕೊಂಬೆಗೆ ಮರಳುತ್ತದೆ? ತಿಳಿದ ಮೇಲೆ ಲೆನ್ಸನ್ನು ಹಕ್ಕಿಗಿಂತ ಮೊದಲೇ ಆ ಜಾಗಕ್ಕೆ ಹಿಡಿದಿಡಬಹುದು. ಬೂರುಗದ ಬಟ್ಟಲಿನಂಥ ಹೂವಿಗೆ ಗೊರವಂಕ ತಲೆ ಹುದುಗಿಸಿದಾಗ ಒತ್ತಬೇಡಿ. ಹಣೆಗೆ ಪರಾಗ ಬಳಿದುಕೊಂಡು ತಲೆಯೆತ್ತುವ ಗಳಿಗೆಗೆ ಕಾಯಿರಿ.

ಇದು ಹಲವು ಹಕ್ಕಿಗಳು ಗೂಡು ಕಟ್ಟುವ ಕಾಲವೂ ಹೌದು. ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ: ತನ್ನ ಎಲ್ಲೆಗೆ ಬೇರೊಂದು ಗಂಡು ನುಗ್ಗಿತೆಂದು ಹಕ್ಕಿ ಮೇವು ಬಿಟ್ಟು ಕಾದಾಟಕ್ಕೆ ಬರುತ್ತದೆ. ಗೂಡು ಕಂಡರೆ ಚಿತ್ರ ತೆಗೆಯದೆ ದಾಟಿಹೋಗುವುದೇ ಸರಿ. ಚಿತ್ರಕ್ಕೆ ಅಡ್ಡವೆಂದು ಎಲೆ-ಕಡ್ಡಿ ಸರಿಸಿದರೆ ಮರಿ ಬಿಸಿಲಿಗೆ ಬೀಳುತ್ತದೆ, ಕಾಗೆಯ ಕಣ್ಣಿಗೂ ಬೀಳುತ್ತದೆ. ಕೊಕ್ಕಿನಲ್ಲಿ ಹುಳ ಹಿಡಿದ ಹಕ್ಕಿ ಒಳಗೆ ಹೋಗದೆ ಕೊಂಬೆಯಲ್ಲೇ ಕಿರುಚುತ್ತಿದ್ದರೆ ನೀವು ತೀರಾ ಹತ್ತಿರವಿದ್ದೀರಿ ಎಂದರ್ಥ. ತಕ್ಷಣ ಹಿಂದಕ್ಕೆ ಸರಿದು, ಅದು ಗೂಡಿಗೆ ಹೋಗುವಷ್ಟು ದೂರ ಹೋಗಿಬಿಡಿ.