ತಗಡಿನ ಕಸದ ತೊಟ್ಟಿ: ತೊಳೆಯುವುದಕ್ಕಿಂತ ಒಣಗಿಸುವುದು ಮುಖ್ಯ

ಮುಂಬಯಿಯ ವಸತಿ ಸೊಸೈಟಿಗಳ ಅಂಗಳದಲ್ಲಿರುವ ತಗಡಿನ ಕಸದ ತೊಟ್ಟಿ ಮೊದಲು ಹಾಳಾಗುವುದು ಒಳಗಿನ ತಳದಲ್ಲಿ. ಹಸಿ ಕಸದಿಂದ ಇಳಿದ ಹುಳಿ ನೀರು ತಳದ ಬೆಸುಗೆಯಲ್ಲಿ ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಆರುವುದೇ ಅಪರೂಪ. ವರ್ಲಿ, ಬಾಂದ್ರಾದಂಥ ಕಡಲಂಚಿನಲ್ಲಿ ಉಪ್ಪುಗಾಳಿಯೂ ಸೇರಿ ತುಕ್ಕು ಇನ್ನೂ ಬೇಗ ಹರಡುತ್ತದೆ. ಮಳೆ ಬಿಟ್ಟ ಮೇಲಿನ ಅಕ್ಟೋಬರ್ ಬಿಸಿಲು ತೊಟ್ಟಿಯನ್ನು ತೊಳೆದು, ಒಣಗಿಸಿ, ಬಣ್ಣ ಬಳಿಯುವ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಕೈಗವಸು ಹಾಕಿಕೊಂಡು ತೊಟ್ಟಿಯನ್ನು ಅಡ್ಡ ಮಲಗಿಸಿ. ಬಿಸಿನೀರು, ಸೋಪಿನ ಪುಡಿ, ಉದ್ದ ಹಿಡಿಯ ಬ್ರಷ್ ಸಾಕು. ಬೆಸುಗೆಯ ಗೆರೆಯಲ್ಲಿ ಕಪ್ಪು ಲೋಳೆ ಕೂತಿರುತ್ತದೆ. ಅದು ಪೂರ್ತಿ ಬಿಡುವವರೆಗೆ ಉಜ್ಜಿ. ವಾಸನೆಗೆಂದು ಬ್ಲೀಚಿಂಗ್ ಪೌಡರ್ ಸುರಿದು ಹಾಗೇ ಬಿಡುವ ರೂಢಿ ಬೇಡ, ಅದು ಲೋಹವನ್ನೇ ತಿನ್ನುತ್ತದೆ. ಅದರೊಂದಿಗೆ ಆ್ಯಸಿಡ್ ಅಥವಾ ವಿನೆಗರ್ ಅನ್ನಂತೂ ಬೆರೆಸಲೇಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಆಮೇಲೆ ಎರಡು ಇಟ್ಟಿಗೆಗಳ ಮೇಲೆ ತೊಟ್ಟಿಯನ್ನು ಬೋರಲು ಹಾಕಿ ಬಿಸಿಲಿನಲ್ಲಿ ಬಿಡಿ. ಬೆಸುಗೆಯ ಸಂದಿಯಲ್ಲಿ ತೇವ ಉಳಿದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ತುಕ್ಕು ಹಿಡಿದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ತಗಡು ಪುಡಿಯಾಗಿ ಉದುರಿದರೆ ಭಂಗಾರಿನವರಿಗೆ, ಅಂದರೆ ಗುಜರಿಯವರಿಗೆ, ಕೊಡುವುದೇ ಸರಿ. ಗಟ್ಟಿ ಇದ್ದರೆ ತಂತಿ ಬ್ರಷ್‌ನಿಂದ ಕೆರೆದು, 80 ನಂಬರಿನ ಉಜ್ಜುಕಾಗದ, ಬಳಿಕ 120ರದ್ದು ಹಾಕಿ. ಹೊಳೆಯುವ ಲೋಹ ಕಂಡ ದಿನವೇ ದೂಳು ಒರೆಸಿ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ತುಕ್ಕು ತಡೆಯುವ ಪದರ) ಬಳಿಯಿರಿ. ನಮ್ಮ ತೇವದ ಗಾಳಿ ಮರುದಿನದವರೆಗೆ ಕಾಯುವುದಿಲ್ಲ. ಅದು ಒಣಗಿದ ಮೇಲೆ ಎನಾಮೆಲ್ ಬಣ್ಣ ಎರಡು ಸಲ, ತೆಳ್ಳಗೆ. ಸತು ಲೇಪಿಸಿದ ಜಿ.ಐ. ತಗಡಾದರೆ ಈ ಪ್ರೈಮರ್ ಕಾಲಕ್ರಮದಲ್ಲಿ ಸಿಪ್ಪೆಯೇಳುತ್ತದೆ. ಜಿ.ಐ.ಗೆಂದೇ ಇರುವ ಪ್ರೈಮರ್ ಅನ್ನು ಬಣ್ಣದಂಗಡಿಯಲ್ಲಿ ಕೇಳಿ ತನ್ನಿ.

ಬಾಯಂಚನ್ನು ಮರೆಯಬೇಡಿ. ದಿನವೂ ತೊಟ್ಟಿ ಎತ್ತುವ ಸಫಾಯಿ ಕರ್ಮಚಾರಿಯ ಕೈ ತಾಗುವುದು ಅಲ್ಲಿಗೇ. ತುಕ್ಕು ಹಿಡಿದು ಮುರಿದ ಅಂಚು ಬ್ಲೇಡಿನಷ್ಟೇ ಹರಿತ, ಕಸದ ಕೊಳೆ ತಗುಲಿದ ಗಾಯಕ್ಕೆ ಧನುರ್ವಾಯುವಿನ ಭಯವೂ ಇದೆ. ಅಂಚನ್ನು ಅರದಿಂದ ನುಣುಪಾಗಿಸಿ ಬಣ್ಣದ ಇನ್ನೊಂದು ಪದರ ಕೊಡಿ.

ತಳಕ್ಕೆ ಗಾಳಿಯಾಡುವಂತೆ ತೊಟ್ಟಿಯನ್ನು ಇಟ್ಟಿಗೆಯ ಮೇಲೆಯೇ ಇಡಿ, ಮಳೆಗಾಲದಲ್ಲಿ ಮುಚ್ಚಳ ಬಿಗಿಯಾಗಿರಲಿ. ಹಸಿ ಕಸಕ್ಕೆ ಒಳಗೊಂದು ಪ್ಲಾಸ್ಟಿಕ್ ಬಕೆಟ್ ಇಟ್ಟರೆ ಹುಳಿ ನೀರು ತಗಡನ್ನು ಮುಟ್ಟುವುದಿಲ್ಲ. ಬಣ್ಣ ಕಿತ್ತ ಗೀರುಗಳನ್ನು ಮೇ ತಿಂಗಳಲ್ಲೇ ಹುಡುಕಿ ಮುಚ್ಚಿಬಿಡಿ.